ಮೆಣಸು ಕಾದವಳ ಗಿಟಾರ್ ಅಂಗಡಿ

ಸಂತೋಷ ಬಂದಾಗ ಕೆಲವರು ಸಿಹಿ ಹಂಚುತ್ತಾರೆ, ಕೆಲವರು ದೇವರಿಗೆ ತುಪ್ಪದ ದೀಪ ಹಚ್ಚುತ್ತಾರೆ. ನಾನು ಹಿತ್ತಿಲ ಬಾಗಿಲ ಚಿಲಕ ಸರಿಯಾಗಿ ಬಿದ್ದಿದೆಯೋ ಇಲ್ಲವೋ ನೋಡಿಕೊಂಡು ಬರುತ್ತೇನೆ. ಒಳ್ಳೆಯದು ಮನೆಯೊಳಗೆ ಬಂತು ಅಂದಮೇಲೆ ಅದನ್ನು ಎತ್ತಿಕೊಂಡು ಹೋಗುವವನೂ ಎಲ್ಲೋ ಬೇಲಿಯ ಪಕ್ಕ ನಿಂತಿರಲೇಬೇಕು ಅಂತ ನನ್ನ ನಂಬಿಕೆ. ಮೊಮ್ಮಗಳು ವಿನುತಾ ಹುಟ್ಟಿದಾಗ ನರ್ಸಮ್ಮ ಬಟ್ಟೆ ಸುತ್ತಿ ನನ್ನ ಕೈಗೆ ಕೊಟ್ಟಳು. ಕಣ್ಣಿನ ತುಂಬ ನೀರು. ಅಂಥ ಹೊತ್ತಿನಲ್ಲೂ ಕೈ ಮಾತ್ರ ತನ್ನ ಕೆಲಸ ಮರೆಯಲಿಲ್ಲ. ಸೆರಗಿನ ಗಂಟಿನಿಂದ ಕಾಡಿಗೆ ಡಬ್ಬಿ ತೆಗೆದು ಮಗುವಿನ ಎಡಗಿವಿಯ ಹಿಂದೆ ಒಂದು ಚುಕ್ಕೆ ಇಟ್ಟಿತು. ಅಜ್ಜಿ ದೃಷ್ಟಿಬೊಟ್ಟು ಇಟ್ಟಳು ಅಂತ ಎಲ್ಲರೂ ಮೆಚ್ಚಿಕೊಂಡರು. ದೃಷ್ಟಿಯೂ ಇಲ್ಲ, ಗಿಷ್ಟಿಯೂ ಇಲ್ಲ. ಅವತ್ತು ಅಲ್ಲಿ ಇನ್ನೂ ಏಳೆಂಟು ಮಕ್ಕಳಿದ್ದವು, ಎಲ್ಲವೂ ಒಂದೇ ತರ ಕೆಂಪಗೆ. ಅದಲುಬದಲಾದರೆ ಗುರುತಿಗೆ ಇರಲಿ ಅಂತ ಇಟ್ಟದ್ದು.

ನನ್ನನ್ನು ಹೀಗೆ ಮಾಡಿದ್ದು ಕರಿಮೆಣಸು. ಹೊಳೆಯಾಚೆ ಕರ್ನಾಟಕದ ಊರಲ್ಲಿ ಮೂರನೇ ಕ್ಲಾಸಿನವರೆಗೆ ಓದಿ, ಮರಕ್ಕಡವಿನಲ್ಲಿ ದೋಣಿ ದಾಟಿ, ವಯನಾಡಿನ ಕೊಳವಳ್ಳಿಗೆ ಸೊಸೆಯಾಗಿ ಬಂದೆ. ಬಂದ ವರ್ಷವೇ ಅತ್ತೆ ಒಂದು ಕೋಲು ಕೊಟ್ಟು ಅಂಗಳದಲ್ಲಿ ಕೂರಿಸಿದರು. ಬಿದಿರ ಚಾಪೆಯ ಮೇಲೆ ಮೆಣಸು ಹರಡಿರುತ್ತದೆ. ಅರ್ಧ ಗಂಟೆಗೊಮ್ಮೆ ತಿರುವಬೇಕು, ಕೋಳಿ ಓಡಿಸಬೇಕು, ಮೋಡದ ಮೇಲೆ ಒಂದು ಕಣ್ಣಿಟ್ಟಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ ದಾರಿಯಲ್ಲಿ ಹೋಗುವ ನೆಂಟರಿಷ್ಟರ ಕೈ ನೋಡಬೇಕು. "ಚೆನ್ನಾಗಿ ಒಣಗಿದೆಯಲ್ಲ" ಅಂತ ಒಂದು ಹಿಡಿ ಎತ್ತುತ್ತಾರೆ, ಮೂಸುತ್ತಾರೆ, ಎರಡು ಕಾಳು ಕಡಿಯುತ್ತಾರೆ. ಉಳಿದದ್ದು ಮಾತಿನ ಭರದಲ್ಲಿ ಅವರ ಜೇಬಿಗೆ ಇಳಿದಿರುತ್ತದೆ. ಐವತ್ತು ವರ್ಷ ಇದನ್ನೇ ನೋಡಿದವಳು ನಾನು. ಯಾರಾದರೂ ಮುಖ ನೋಡಿ ನಕ್ಕರೆ ನನ್ನ ಕಣ್ಣು ಅವರ ಕೈಯ ಮೇಲೆ ಹೋಗುತ್ತದೆ.

ಇಂಥವಳಿಗೆ ಇಳಿವಯಸ್ಸಿನಲ್ಲಿ ಎಂಥ ಸಂತೋಷ ಬಂತು ನೋಡಿ. ವಿನುತಾ ಸಂಗೀತ ಕಲಿತಳು. ಕಲಿತು ಸುಮ್ಮನಿರದೆ, ಪುಲ್ಪಳ್ಳಿ ಪೇಟೆಯಲ್ಲಿ ನಮ್ಮವರು ಕಟ್ಟಿಸಿದ್ದ ಮಳಿಗೆಯಲ್ಲಿ ವಾದ್ಯಗಳ ಅಂಗಡಿ ತೆಗೆದಳು. ಮೊದಲು ನನ್ನ ಮಗ ಗಿರೀಶ ಶುಂಠಿ ವ್ಯಾಪಾರ ಮಾಡುತ್ತಿದ್ದ ಕೋಣೆ ಅದು. ಶುಂಠಿ ಚೀಲ ಒರಗಿಸಿದ್ದ ಗೋಡೆಯ ಮೇಲೆ ಈಗ ಆರು ಗಿಟಾರು, ಒಂದು ಪಿಟೀಲು. ಮೂಲೆಯಲ್ಲಿ ಕೀಬೋರ್ಡು, ಹಾರ್ಮೋನಿಯಂ, ತಬಲಾ. ಅಂಗಡಿ ತೆರೆದ ದಿನ ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಬಸ್ಸಿನಲ್ಲಿ ಕಂಡಕ್ಟರು ಎಲ್ಲಿಗೆ ಅಂತ ಕೇಳಿದರೆ "ನನ್ನ ಮೊಮ್ಮಗಳ ಅಂಗಡಿಗೆ ಒಂದು ಟಿಕೆಟ್ ಕೊಡಪ್ಪ" ಅಂದೆ. ಅವನು ಪಾಪ, ಕೊಟ್ಟ.

ಗಿರೀಶನಿಗೆ ಮಾತ್ರ ಈ ವ್ಯಾಪಾರದ ಮೇಲೆ ನಂಬಿಕೆ ಇರಲಿಲ್ಲ. "ಓಣಂ ಕಳೆಯೋವರೆಗೂ ನೋಡ್ತೀನಿ ಅವ್ವಾ. ನಡೀಲಿಲ್ಲ ಅಂದ್ರೆ ಮಳಿಗೇನ ಬೇಕರಿಗೆ ಕೊಡ್ತೀನಿ. ಒಬ್ಬ ಆಗಲೇ ಕೇಳ್ತಾ ಇದ್ದಾನೆ" ಅಂದ. ಆ ಬೇಕರಿಯವನು ಯಾರು, ಹೇಗಿದ್ದಾನೆ ಅಂತ ನಾನು ಕಂಡಿರಲಿಲ್ಲ. ಕಾಣದ ಶತ್ರು ಕಂಡ ಶತ್ರುವಿಗಿಂತ ದೊಡ್ಡವನಾಗಿ ಕಾಣುತ್ತಾನೆ. ಮರುದಿನದಿಂದಲೇ ನಾನು ಊಟದ ಡಬ್ಬಿ ಹಿಡಿದು ಬೆಳಗಿನ ಬಸ್ಸಿಗೆ ಅಂಗಡಿಗೆ ಹೋಗಿ ಕೂರತೊಡಗಿದೆ. ಯಾರೂ ಕರೆದಿರಲಿಲ್ಲ.

ಒಂದು ವಿಷಯ ಹೇಳಿಬಿಡುತ್ತೇನೆ. ವಿನುತಾಳಿಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ, ಅವಳ ಓದೆಲ್ಲ ಮಲಯಾಳದಲ್ಲಿ ಆದದ್ದು. ಇದನ್ನು ನಾನು ಇಷ್ಟು ಧೈರ್ಯವಾಗಿ ಬರೆಯುತ್ತಿರುವುದಕ್ಕೆ ಅದೂ ಒಂದು ಕಾರಣ.

ಅಂಗಡಿ ಅಂದರೆ ಬಂದವರು ಕೇಳುತ್ತಾರೆ, ಕೊಳ್ಳುತ್ತಾರೆ, ಹೋಗುತ್ತಾರೆ ಅಂತ ನಾನು ತಿಳಿದಿದ್ದೆ. ಇಲ್ಲಿ ಬಂದವರು ಗಿಟಾರನ್ನು ಗೋಡೆಯಿಂದ ಇಳಿಸಿ, ತೊಡೆಯ ಮೇಲಿಟ್ಟು, ಕಣ್ಣು ಮುಚ್ಚಿ ಅರ್ಧ ಗಂಟೆ ಬಾರಿಸುತ್ತಾರೆ. ಆಮೇಲೆ "ಕೊಳ್ಳಾಂ", ಅಂದರೆ ಮಲಯಾಳದಲ್ಲಿ ಚೆನ್ನಾಗಿದೆ, ಅಂತ ಹೊಗಳಿ ಎದ್ದು ಹೋಗುತ್ತಾರೆ. ಮೆಣಸಾದರೆ ಎತ್ತಿದ ಹಿಡಿ ಲೆಕ್ಕಕ್ಕೆ ಸಿಗುತ್ತದೆ. ಸದ್ದನ್ನು ಜೇಬಿಗೆ ಹಾಕಿಕೊಂಡು ಹೋದರೆ ಹಿಡಿಯುವುದು ಹೇಗೆ?

"ಕೂಸೇ, ಇಷ್ಟು ಜನ ಪುಕ್ಕಟೆ ಬಾರಿಸಿದ್ರೆ ಒಳಗಿರೋ ಸದ್ದು ಖರ್ಚಾಗಲ್ವಾ?" ಅಂತ ಕೇಳಿದೆ.

"ಇಲ್ಲ ಅಜ್ಜಿ. ಬಾರಿಸಿದಷ್ಟೂ ಸದ್ದು ಚೆನ್ನಾಗ್ತಾ ಹೋಗುತ್ತೆ."

ಇದು ನನಗೆ ಇನ್ನೂ ದೊಡ್ಡ ಸಂಶಯ ತಂದಿತು. ಉಪಯೋಗಿಸಿದಷ್ಟೂ ಚೆನ್ನಾಗುವ ವಸ್ತುವನ್ನು ನನ್ನ ಜೀವಮಾನದಲ್ಲಿ ನಾನು ಕಂಡಿಲ್ಲ, ನನ್ನ ಮಂಡಿಯನ್ನೂ ಸೇರಿಸಿ.

ಹೊಳೆಯಾಚೆಯಿಂದ ನಮ್ಮ ತವರಿನ ಕಡೆಯ ಭಜನೆಯವರು ದೋಣಿ ದಾಟಿ, ಬಸ್ಸು ಹತ್ತಿ ಬಂದರು. ನಮ್ಮ ಕಡೆಯವರು, ಕನ್ನಡ ಮಾತಾಡುವವರು ಅಂತ ಬಾಯಿ ತುಂಬ ಮಾತಾಡಿಸಿದೆ. ಅವರು ಹಾರ್ಮೋನಿಯಂ ನೋಡುತ್ತೇವೆ ಅಂತ ಕೂತು, ಗಣಪತಿಯಿಂದ ಶುರು ಮಾಡಿ ಮಂಗಳದವರೆಗೆ ಪೂರ್ತಿ ಭಜನೆ ಮುಗಿಸಿ, ಎರಡು ಸಲ ಟೀ ಕುಡಿದು, ಒಂದು ಜೊತೆ ತಾಳ ತೆಗೆದುಕೊಂಡು ಹೋದರು. ಅವರು ಹೋದಮೇಲೆ ಹಾರ್ಮೋನಿಯಂ ಮುಚ್ಚಳ ತೆಗೆದು ಒಳಗೆ ಎಲ್ಲ ಇದೆಯೋ ಅಂತ ನೋಡಿದೆ. ಏನೇನಿರಬೇಕು ಅಂತ ಗೊತ್ತಿದ್ದರಲ್ಲವೇ ನೋಡಿ ಪ್ರಯೋಜನ. ಎಲ್ಲರಲ್ಲೂ ನನಗೆ ಹಿಡಿಸಿದವನು ಒಬ್ಬನೇ. ದಪ್ಪಗೆ, ನಗುಮುಖದ ಒಬ್ಬ ಗಂಡಸು ಆಗಾಗ ಬರುತ್ತಿದ್ದ. ಕೈ ಎರಡೂ ಪ್ಯಾಂಟಿನ ಜೇಬಿನಲ್ಲಿ. ಒಂದು ತಂತಿಯನ್ನೂ ಮುಟ್ಟಿದವನಲ್ಲ. ಎಂಥ ಮರ್ಯಾದಸ್ಥ ಅಂತ ಅವನಿಗೆ ಸ್ಟೂಲು ಕೊಟ್ಟು ಕೂರಿಸಿ, ಈ ಕೋಣೆ ಎಷ್ಟು ತಂಪು, ಎಷ್ಟು ಗಟ್ಟಿ, ಒಂದು ಇರುವೆಯೂ ಬರುವುದಿಲ್ಲ ಅಂತೆಲ್ಲ ಹೇಳುತ್ತಿದ್ದೆ.

ಗಿಟಾರುಗಳು ಆರೂ ಒಂದೇ ತರ ಕಾಣುತ್ತಿದ್ದವು. ಒಳ್ಳೆಯದನ್ನು ಒಯ್ದು ಕೆಟ್ಟದ್ದನ್ನು ನೇತುಹಾಕಿ ಹೋದರೆ? ಒಂದು ಮಧ್ಯಾಹ್ನ ವಿನುತಾ ಇಲ್ಲದಾಗ ಕಾಡಿಗೆ ಡಬ್ಬಿ ತೆಗೆದು ಒಂದೊಂದರ ಬೆನ್ನಿಗೂ ಚುಕ್ಕೆ ಇಟ್ಟೆ. ಮನಸ್ಸಿಗೆ ನೆಮ್ಮದಿಯಾಯಿತು. ಆದರೂ ಒಂದು ಕ್ಯಾಮೆರಾ ಹಾಕಿಸು ಅಂತ ಅವಳ ಬೆನ್ನು ಹತ್ತಿದೆ.

"ನೀನಿದ್ದೀಯಲ್ಲ ಅಜ್ಜಿ, ಕ್ಯಾಮೆರಾ ಯಾಕೆ?" ಅಂದಳು. ಹೊಗಳಿಕೆ ಅಂತಲೇ ತಿಳಿದುಕೊಂಡೆ.

ಮಳೆ ಹಿಡಿದ ಮೇಲೆ ಒಬ್ಬ ಬರತೊಡಗಿದ. ಆಗ ಅವರನ್ನು ನಾನು ಮನಸ್ಸಿನಲ್ಲಿ 'ಅವನು' ಅಂತಲೇ ಕರೆಯುತ್ತಿದ್ದೆ, ಹಾಗೇ ಬರೆಯುತ್ತೇನೆ. ಮರ್ಯಾದೆ ಆಮೇಲೆ ಬರುತ್ತದೆ. ವಯಸ್ಸಾದವನು. ಬಿಳಿ ಮುಂಡು, ಉದ್ದನೆಯ ಕಪ್ಪು ಕೊಡೆ. ವಿನುತಾ ಮಂಗಳವಾರ, ಶುಕ್ರವಾರ ಹತ್ತಿರದ ಸ್ಕೂಲಿಗೆ ಕೀಬೋರ್ಡು ಕಲಿಸಲು ಹೋಗುತ್ತಾಳೆ. ಇವನು ಬರುವುದೂ ಸರಿಯಾಗಿ ಮಂಗಳವಾರ, ಶುಕ್ರವಾರ, ಅವಳು ಆ ಕಡೆ ಹೋದಮೇಲೆ. ಮಾಲೀಕರು ಇಲ್ಲದ ಹೊತ್ತು ನೋಡಿ ಬರುವವನನ್ನು ಏನಂತಾರೆ, ನೀವೇ ಹೇಳಿ.

ಬಂದವನು ಬಾರಿಸುತ್ತಲೂ ಇರಲಿಲ್ಲ. ಗಿಟಾರನ್ನು ಬೆರಳ ಗೆಣ್ಣಿನಿಂದ ತಟ್ಟುವನು, ಹೊಟ್ಟೆಯ ತೂತಿಗೆ ಮೂಗಿಟ್ಟು ಮೂಸುವನು, ಅದರ ಕತ್ತನ್ನು ಒಂದು ಕಣ್ಣು ಮುಚ್ಚಿ ಕೋವಿಯ ಹಾಗೆ ನೋಡುವನು, ಗೇಣಿಟ್ಟು ಅಳೆಯುವನು. ಆಮೇಲೆ ಗೋಡೆ ಸವರುವನು, ಸೂರಿನ ಮೂಲೆ ನೋಡುವನು. ಒಂದು ದಿನ ಅವನ ಬಲಗೈ ತೋಳಿನ ಮೇಲೆ ಬಿಳಿ ಪುಡಿ ಕಂಡೆ. ಇನ್ನೊಂದು ದಿನವೂ ಅಲ್ಲೇ, ಅದೇ ಪುಡಿ. ಆಗ ನನಗೆ ಎಲ್ಲ ಹೊಳೆಯಿತು. ಮೈದಾ! ಇವನೇ ಬೇಕರಿಯವನು! ಗೇಣಿಟ್ಟು ಅಳೆಯುತ್ತಿರುವುದು ಗಿಟಾರನ್ನಲ್ಲ, ರೊಟ್ಟಿ ಸುಡುವ ಒಲೆ ಎಲ್ಲಿ ಇಡಬೇಕು ಅಂತ ಕೋಣೆಯನ್ನು.

ವಿನುತಾಳಿಗೆ ಹೇಳಿದರೆ ಅವಳು ನಕ್ಕಳು. "ಅಜ್ಜಿ, ಹೋದ ವಾರ ಮೀಟರ್ ನೋಡೋಕೆ ಬಂದವರನ್ನೂ ಹೀಗೇ ಹೇಳಿದ್ದೆ" ಅಂದಳು. ಅದೂ ನಿಜವೇ. ಹಾಗಾಗಿ ನಾನೊಬ್ಬಳೇ ನೋಡಿಕೊಳ್ಳೋಣ ಅಂದುಕೊಂಡೆ.

ಮುಂದಿನ ಮಂಗಳವಾರ ಅವನೇ ಬಾಯಿಬಿಟ್ಟ. "ಅಮ್ಮಚ್ಚೀ, ಮಳೆಗಾಲದಲ್ಲಿ ಈ ಕೋಣೆಯಲ್ಲಿ ತೇವ ಉಂಟೋ?"

ಸಿಕ್ಕಿಬಿದ್ದ! ಗಿಟಾರ್ ಕೊಳ್ಳುವವನಿಗೆ ಕೋಣೆಯ ತೇವ ಕಟ್ಟಿಕೊಂಡು ಏನಾಗಬೇಕು? ಇವನನ್ನು ಇವತ್ತೇ ಓಡಿಸುತ್ತೇನೆ ಅಂತ ಸೆರಗು ಸಿಕ್ಕಿಸಿದೆ.

"ತೇವವೇ? ಅಯ್ಯೋ, ಗೋಡೆ ಬೆವರುತ್ತೆ ಸಾರ್. ಬೆಳಗ್ಗೆ ಇಟ್ಟ ಬಿಸ್ಕತ್ತು ಮಧ್ಯಾಹ್ನಕ್ಕೆ ಕಂಬಳಿ ಹೊದ್ದುಕೊಂಡಿರುತ್ತೆ."

"ಹೌದೋ? ಇಲಿ?"

"ಒಂದೊಂದೂ ಬೆಕ್ಕಿನಷ್ಟು."

"ಗೆದ್ದಲು?"

"ಅದನ್ನು ಮಾತ್ರ ಕೇಳಬೇಡಿ. ನಾನು ಕೂತಿದ್ದೀನಲ್ಲ ಈ ಸ್ಟೂಲು, ಇದಕ್ಕೆ ಮೊದಲು ನಾಲ್ಕು ಕಾಲಿತ್ತು."

ಅವನು ಬಗ್ಗಿ ನೋಡಿದ. ಮೂರೇ ಇತ್ತು. ಅದು ಹುಟ್ಟಿದ್ದೇ ಮುಕ್ಕಾಲು ಸ್ಟೂಲಾಗಿ, ಅವನಿಗೇನು ಗೊತ್ತು! ಕೈಯಲ್ಲಿದ್ದ ಗಿಟಾರನ್ನು ತಿರುಗಿಸಿ ಅದರ ಬೆನ್ನು ನೋಡಿದ. ಅಲ್ಲಿ ಏನೋ ಕಂಡವನ ಹಾಗೆ ಮುಖ ಸಣ್ಣಗೆ ಮಾಡಿಕೊಂಡ. "ಶ್ಶೆ" ಅಂತ ಅದನ್ನು ಗೋಡೆಗೆ ನೇತುಹಾಕಿ, ಕೊಡೆ ಬಿಚ್ಚಿಕೊಂಡು ಮಳೆಯಲ್ಲಿ ಹೊರಟೇಹೋದ. ಆ ಮಧ್ಯಾಹ್ನ ನಾನು ಎದುರಿನ ಹೋಟೆಲಿನಿಂದ ಎರಡು ಹಪ್ಪಳ ತರಿಸಿ ಊಟ ಮಾಡಿದೆ.

ಸಂಜೆ ವಿನುತಾ ಫೋನು ಕೆಳಗಿಟ್ಟು ಸಪ್ಪಗೆ ಕೂತಳು. "ಪಯ್ಯಂಪಳ್ಳಿಯ ಚರ್ಚಿನಲ್ಲಿ ಹಾಡು ಕಲಿಸೋ ಮಾಷ್ ಫೋನ್ ಮಾಡಿದ್ರು ಅಜ್ಜಿ. ನಾಲ್ಕು ಗಿಟಾರು, ಒಂದು ಕೀಬೋರ್ಡು ತಗೊಳ್ತೀವಿ ಅಂತ ಮಾತಾಗಿತ್ತು. ಈಗ ಬೇಡ ಅನ್ನೋ ಹಾಗಿದೆ. ಯಾಕೆ ಅಂತ ಸರಿಯಾಗಿ ಹೇಳಲಿಲ್ಲ. ಅವರು ತಗೊಂಡಿದ್ರೆ ಬೇರೆ ಚರ್ಚಿನವರೂ ಬರ್ತಾ ಇದ್ರು. ಅಪ್ಪನೂ ಸುಮ್ಮನಾಗ್ತಿದ್ರು."

"ಆ ಬೇಕರಿಯವನು ಹೋಗಿ ಏನೋ ಚುಚ್ಚಿಕೊಟ್ಟಿರಬೇಕು" ಅಂದೆ.

ಇಷ್ಟಾದ ಮೇಲೆ ಇನ್ನೊಂದು ತೊಂದರೆ ಶುರುವಾಯಿತು. ಓಡಿಸುವುದಕ್ಕೆ ಅಂತ ನಾನು ಹೇಳಿದ ತೇವ ನನ್ನ ತಲೆಯಲ್ಲೇ ಕೂತುಬಿಟ್ಟಿತು. ಹೇಳುವಾಗ ಸುಳ್ಳಾಗಿದ್ದದ್ದು ಎರಡು ದಿನ ಕಳೆಯುವಷ್ಟರಲ್ಲಿ ನಿಜ ಇರಬಹುದೇನೋ ಅನ್ನಿಸಿತು. ಕರ್ಕಾಟಕ ಮಾಸದ ಮಳೆ, ನಮ್ಮ ವಯನಾಡಿನಲ್ಲಿ ಬೆಂಕಿಪೆಟ್ಟಿಗೆಯನ್ನೂ ಸೊಂಟಕ್ಕೆ ಕಟ್ಟಿಕೊಂಡು ಬೆಚ್ಚಗಿಡುವ ಕಾಲ. ಗಿಟಾರು ಅಂದರೂ ಮರವೇ ತಾನೇ? ಒಂದರ ಹೊಟ್ಟೆಗೆ ನಾನೂ ಮೂಗಿಟ್ಟು ಮೂಸಿದೆ. ಒಣಗದ ಮೆಣಸಿನ ವಾಸನೆ ಬಂದ ಹಾಗಾಯಿತು.

ಶುಕ್ರವಾರ ಬೆಳಗ್ಗೆ, ಎಷ್ಟೋ ದಿನದ ಮೇಲೆ, ಫಳ್ಳನೆ ಬಿಸಿಲು ಬಂತು. ಪೇಟೆಯಲ್ಲೆಲ್ಲ ಜನ ಬಟ್ಟೆ, ಹಾಸಿಗೆ, ಚಾಪೆ, ಚಪ್ಪಲಿ ತಂದು ಹರಡಿದರು. ಬಿಸಿಲು ಕಂಡರೆ ಒಳಗಿನದನ್ನು ಹೊರಗೆ ಹಾಕಬೇಕು, ಇದು ನಮ್ಮ ಕಡೆ ಯಾರೂ ಹೇಳಿಕೊಡಬೇಕಾದ್ದಲ್ಲ. ವಿನುತಾ ಸ್ಕೂಲಿಗೆ ಹೋದಳು. ಶುಂಠಿ ಕಾಲದ ಬಿದಿರ ಚಾಪೆ ಹಿಂದಿನ ಕೋಣೆಯಲ್ಲಿತ್ತು. ಅಂಗಡಿಯ ಮುಂದೆ ಅದನ್ನು ಹಾಸಿ, ಆರು ಗಿಟಾರುಗಳನ್ನೂ ಪಿಟೀಲನ್ನೂ ಸಾಲಾಗಿ ಅಂಗಾತ ಮಲಗಿಸಿದೆ. ಕೈಗೊಂದು ಕೋಲು ಹುಡುಕಿ ಪಕ್ಕದಲ್ಲಿ ಕೂತೆ. ಅರ್ಧ ಗಂಟೆಗೆ ಎಲ್ಲವನ್ನೂ ಬೋರಲು ತಿರುವಿದೆ. ಇನ್ನರ್ಧ ಗಂಟೆಗೆ ಮತ್ತೆ ಅಂಗಾತ. ಒಂದು ಕಾಗೆ ಬಂದು ಪಿಟೀಲಿನ ಮೇಲೆ ಕೂರಲು ನೋಡಿತು, ಓಡಿಸಿದೆ. ಐವತ್ತು ವರ್ಷದ ಕೆಲಸ ಮತ್ತೆ ಕೈಗೆ ಬಂದು ಎಷ್ಟು ಖುಷಿಯಾಯಿತು ಅಂದರೆ, ಸಣ್ಣಗೆ ಹಾಡಿಕೊಂಡೂ ಬಿಟ್ಟೆ.

ಆಟೋ ಸ್ಟ್ಯಾಂಡಿನ ಬಿಜು ಅಲ್ಲಿಂದಲೇ ಕೂಗಿದ. "ಅಮ್ಮಚ್ಚೀ, ಯಾವ ತಳಿ ಮೆಣಸು? ಕರಿಮುಂಡವೋ ಪನ್ನಿಯೂರೋ?"

"ನಿನ್ನ ಆಟೋ ತಳಿ ನೋಡ್ಕೋ ಹೋಗೋ. ಅದು ಒಣಗೋದು ಬೇಡ, ತುಕ್ಕು ಹಿಡಿದಿದೆ" ಅಂದೆ.

ಎರಡನೇ ಸಲ ತಿರುವಿ ಕೂತಿದ್ದೇನೆ, ಕೊಡೆಯವನು ಬಂದ! ದೂರದಲ್ಲಿ ನಿಂತು ಚಾಪೆ ನೋಡಿದ. "ಅಯ್ಯೋ ದೈವಮೇ!" ಅಂತ ಕೂಗಿ, ಕೊಡೆ ಬಿಸಾಡಿ, ಮುಂಡು ಎತ್ತಿ ಕಟ್ಟಿ ಓಡಿಬಂದ. ನಾನು ಏಳುವಷ್ಟರಲ್ಲಿ ಎರಡು ಕಂಕುಳಲ್ಲಿ ಎರಡು ಗಿಟಾರು ಇರುಕಿಕೊಂಡು ಅಂಗಡಿಯೊಳಗೆ ನುಗ್ಗಿದ. ಒಳಗಿಂದ ಹಿಂದಿನ ಬಾಗಿಲಿಗೆ ದಾರಿ ಇದೆ. ಹಾಡುಹಗಲೇ! ಪೇಟೆಯ ನಡುವೆಯೇ! "ಕಳ್ಳ! ಕಳ್ಳ! ಹಿಡೀರಿ!" ಅಂತ ಎರಡು ಭಾಷೆಯಲ್ಲೂ ಕೂಗಿದೆ. ಅವನು ಹೊರಗೆ ಬಂದು ಇನ್ನೆರಡು ಎತ್ತಿಕೊಂಡ. ನಾನು ಅವನದೇ ಕೊಡೆ ಎತ್ತಿಕೊಂಡು, ಅದರ ಬಾಗಿದ ಹಿಡಿಯನ್ನು ಅವನ ಅಂಗಿಯ ಕಾಲರಿಗೆ ಹಿಂದಿನಿಂದ ಸಿಕ್ಕಿಸಿ ಎಳೆದೆ. ಅವನು ಅಲ್ಲೇ ಕುಕ್ಕರಿಸಿದ. ಕೂತವನು ಸುಮ್ಮನಿರದೆ ಗಡಬಡನೆ ತಂತಿಗಳನ್ನು ಸಡಿಲಿಸತೊಡಗಿದ. "ನೋಡಿ, ನೋಡಿ! ತಂತಿ ಬಿಚ್ತಾ ಇದ್ದಾನೆ!"

ಬಿಜು ಬಂದ, ಹೋಟೆಲಿನವರು ಬಂದರು, ಬಟ್ಟೆ ಒಣಗಿಸುತ್ತಿದ್ದವರೂ ಬಂದರು.

"ಅಮ್ಮಚ್ಚೀ, ಬಿಡಿ ನನ್ನ! ಬಿಸಿಲಿಗೆ ಗೋಂದು ಬಿಟ್ಟುಹೋಗುತ್ತೆ. ತಂತಿ ಬಿಗಿಯಾಗಿದ್ರೆ ಎಲ್ಲ ಕಿತ್ತು ಬರುತ್ತೆ!"

"ಅದನ್ನ ಹೇಳೋಕೆ ನೀನ್ಯಾರು? ನಿನ್ನ ಬನ್ನು, ಬಿಸ್ಕತ್ತು ನೋಡ್ಕೋ ಹೋಗು!"

"ಎಂಥ ಬನ್ನು? ಮೊದಲೇ ಬೂಷ್ಟು ಹಿಡಿದಿದೆ ಇವಕ್ಕೆ. ನೋಡಿ, ಒಂದೊಂದರ ಬೆನ್ನ ಮೇಲೂ ಕಪ್ಪು!" ಅಂತ ತಿರುಗಿಸಿ ತೋರಿಸಿದ.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. "ಬೂಷ್ಟಾ? ಅದು ನನ್ನ ಕಾಡಿಗೆ! ನಿನ್ನಂಥವರು ಬದಲಾಯಿಸಬಾರದು ಅಂತ ನಾನೇ ಇಟ್ಟ ಗುರುತು! ಆರಕ್ಕೆ ಆರರ ಮೇಲೂ ಇದೆ, ಎಲ್ಲರೂ ನೋಡಿ!"

ಅವನು ಹೆಬ್ಬೆರಳಿನಿಂದ ಒರೆಸಿದ. ಚುಕ್ಕೆ ಪೂರ್ತಿ ಹೆಬ್ಬೆರಳಿಗೆ ಬಂತು. ಬೆರಳು ನೋಡಿದ, ನನ್ನನ್ನು ನೋಡಿದ. "ಹಾಗಾದ್ರೆ ಇಲಿ? ಗೆದ್ದಲು? ಗೋಡೆ ಬೆವರೋದು?" ಅಂತ ಒಂದೊಂದಾಗಿ ಕೇಳಿದ. ನಾನು ಬಗ್ಗಿ ಚಾಪೆಯ ಅಂಚು ಸರಿಮಾಡತೊಡಗಿದೆ. ಬಿಜು "ಈ ಮಳಿಗೆಯಲ್ಲಿ ಗೆದ್ದಲಾ? ನೀವಿರೋ ಕಡೆ ಅದು ಬರುತ್ತಾ ಅಮ್ಮಚ್ಚೀ?" ಅಂದ.

ಅದೇ ಹೊತ್ತಿಗೆ ವಿನುತಾ ಬಂದಳು. ಆತ ಎದ್ದು ನಿಂತು ಮುಂಡು ಇಳಿಸಿದರು. (ಮರ್ಯಾದೆ ಇಲ್ಲಿಂದ ಶುರು.) "ಫೋನಿನಲ್ಲಿ ಮಾತಾಡಿದ್ದು ನಾನೇ ಮಗಳೇ. ಪಯ್ಯಂಪಳ್ಳಿಯ ಪೌಲೋಸ್ ಮಾಷ್" ಅಂದರು. ತೋಳಿನ ಬಿಳಿ ಪುಡಿ ಅವರು ಬೋರ್ಡಿನ ಮೇಲೆ ಹಾಡು ಬರೆದು ಒರೆಸುವ ಸೀಮೆಸುಣ್ಣವಾಗಿತ್ತು.

ವಿನುತಾ ಚಾಪೆ ನೋಡಿದಳು. ಎರಡು ಗಿಟಾರುಗಳಲ್ಲಿ ತಂತಿ ಹಿಡಿದುಕೊಳ್ಳುವ ಮರದ ಪಟ್ಟಿ ಎದ್ದು ಬಂದಿತ್ತು. ಪಿಟೀಲಿನ ಅಂಚು ಬಾಯಿ ಬಿಟ್ಟಿತ್ತು. ಅವಳು ಪಿಟೀಲನ್ನು ಮಡಿಲಲ್ಲಿ ಇಟ್ಟುಕೊಂಡು ಮೆಟ್ಟಿಲ ಮೇಲೆ ಕೂತಳು. ಬೈದಿದ್ದರೆ ನಾನೂ ಎರಡು ಬೈದು ಹಗುರವಾಗುತ್ತಿದ್ದೆ. ಅವಳು ಬಿಟ್ಟುಹೋದ ಅಂಚಿನ ಮೇಲೆ ಬೆರಳು ಆಡಿಸುತ್ತಾ ಕೂತಿದ್ದಳಲ್ಲ, ಆಗ ನನ್ನ ಕೈಯಲ್ಲಿದ್ದ ಕೊಡೆ ತಾನಾಗಿಯೇ ಕೆಳಗೆ ಬಿತ್ತು. ಇಷ್ಟು ದಿನ ಯಾರೋ ಬಂದು ಹಾಳುಮಾಡುತ್ತಾರೆ ಅಂತ ಕಾದು ಕೂತಿದ್ದೆ, ಆ ಕೆಲಸವನ್ನು ನಾನೇ ಮುಗಿಸಿದ್ದೆ.

ಪೌಲೋಸ್ ಮಾಷ್ ಅವಳ ಪಕ್ಕ ಕೂತು ಪಿಟೀಲನ್ನು ತೆಗೆದುಕೊಂಡು ತಿರುಗಿಸಿ ನೋಡಿದರು. "ಇದು ಅಂಟಿಸಿದ್ರೆ ಸರಿಯಾಗುತ್ತೆ, ನಾನೇ ಅಂಟಿಸಿಕೊಡ್ತೀನಿ" ಅಂದರು. ಆಮೇಲೆ ಉಳಿದ ನಾಲ್ಕು ಗಿಟಾರುಗಳನ್ನು ನೆರಳಿನಲ್ಲಿ ತಣ್ಣಗಾಗಲು ಬಿಟ್ಟು, ಹಾಲಿಲ್ಲದ ಒಂದು ಕಟ್ಟನ್ ಚಾಯ ತರಿಸಿ ಕುಡಿದು, ಒಂದೊಂದನ್ನೇ ಎತ್ತಿ ತಂತಿ ಬಿಗಿದರು. ಕತ್ತು ನೋಡಿದರು. ಬಾರಿಸಿದರು. ನಾನು ಅವತ್ತು ಮೊದಲ ಸಲ ಕೈ ನೋಡದೆ ಮುಖ ನೋಡಿದೆ.

"ಮೊದಲೊಂದು ಸಲ ಬೇರೆ ಕಡೆಯಿಂದ ತಂದ ಗಿಟಾರುಗಳು ಒಂದೇ ಮಳೆಗಾಲಕ್ಕೆ ಸೊಟ್ಟಗಾದವು. ಹಾಗಾಗಿ ಈ ಸಲ ಮಳೆಯಿಡೀ ಬಂದು ನೋಡಿದೆ. ನೀನು ಇಲ್ಲದಾಗಲೇ ಬಂದೆ ಮಗಳೇ, ಮಾರುವವರು ಎದುರಿಗಿದ್ದರೆ ನಾನು ಬೇಗ ಒಪ್ಪಿಕೊಂಡುಬಿಡ್ತೀನಿ. ಈ ನಾಲ್ಕು ಮಳೆಗೂ ಬಗ್ಗಲಿಲ್ಲ, ಅಮ್ಮಚ್ಚಿಗೂ ಬಗ್ಗಲಿಲ್ಲ. ಇನ್ನೇನು ಪರೀಕ್ಷೆ ಬೇಕು? ಕಟ್ಟಿಕೊಡು. ಕೀಬೋರ್ಡೂ ಇರಲಿ" ಅಂದರು. ಆಮೇಲೆ ನನ್ನ ಕಡೆ ತಿರುಗಿ "ಅದನ್ನ ಒಣಗಿಸಿಲ್ಲ ತಾನೇ?" ಅಂತ ಕೇಳಿದರು.

ವಿನುತಾಳ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು. ನನಗೆ ಅಳುವೂ ಬಂತು, ನಗುವೂ ಬಂತು. ಇಷ್ಟು ಬೇಗ ಒಪ್ಪಿದರೆಂದರೆ ಬೆಲೆ ಏನಾದರೂ ಕಡಿಮೆ ಹೇಳಿದಳೋ ಅಂತ ಸಂಶಯವೂ ಬಂತು. ಸದ್ಯ, ಬಾಯಿಗೆ ಸೆರಗು ಹಿಡಿದುಕೊಂಡಿದ್ದೆ.

ಓಣಂ ಬಂತು, ಹೋಯಿತು, ಅಂಗಡಿ ಹೋಗಲಿಲ್ಲ. ಪಯ್ಯಂಪಳ್ಳಿಯವರ ಹಿಂದೆ ಇನ್ನೆರಡು ಕಡೆಯವರು ಬಂದರು. ಹಬ್ಬದ ಊಟಕ್ಕೆ ಕೂತಾಗ ಗಿರೀಶ "ಬೇಕರಿಯವನಿಗೆ ಬೇರೆ ಕಡೆ ನೋಡ್ಕೊಳ್ಳಪ್ಪ ಅಂದೆ. ಬಿಡ್ತಾನೇ ಇಲ್ಲ ಅವ್ವಾ. ಅಂಥ ತಂಪಾದ, ಒಂದು ಇರುವೆಯೂ ಬಾರದ ಕೋಣೆ ಇನ್ನೆಲ್ಲೂ ಸಿಗಲ್ಲ ಅಂತಾನೆ" ಅಂದ. ಆ ಮಾತು ನನ್ನ ಬಾಯಿಂದಲೇ ಹೋದದ್ದು. ದಪ್ಪಗೆ, ನಗುಮುಖ, ಕೈ ಜೇಬಿನಲ್ಲಿ. ಯಾರು ಅಂತ ನಾನು ಕೇಳಲಿಲ್ಲ, ಇನ್ನೊಂದಿಷ್ಟು ಪಾಯಸ ಹಾಕಿಸಿಕೊಂಡೆ.

ಹೋದ ವಾರ ವಿನುತಾ ಕೊನೆಗೂ ಕ್ಯಾಮೆರಾ ಹಾಕಿಸಿದಳು. ನನಗೆ ಆದ ಸಂತೋಷ ಹೇಳತೀರದು. ಇನ್ನು ಒಬ್ಬನೂ ತಪ್ಪಿಸಿಕೊಳ್ಳಲಾರ! ಅವಳು ಸ್ಕೂಲಿಗೆ ಹೋದಮೇಲೆ, ಕಳ್ಳರು ಎಲ್ಲೆಲ್ಲಿ ಕಾಣುತ್ತಾರೆ ನೋಡೋಣ ಅಂತ ಕೌಂಟರಿನ ಮೇಲಿದ್ದ ಟಿವಿಯ ಮುಂದೆ ನಿಂತೆ. ಬಾಗಿಲು ಕಾಣಲಿಲ್ಲ. ಗೋಡೆಯ ಗಿಟಾರುಗಳೂ ಕಾಣಲಿಲ್ಲ. ಕಾಣುತ್ತಿದ್ದದ್ದು ಒಂದು ಮೂರು ಕಾಲಿನ ಸ್ಟೂಲು, ಅದರ ಹಿಂದೆ ಸುತ್ತಿಟ್ಟ ಬಿದಿರ ಚಾಪೆ. ಹೋಗಿ ಸ್ಟೂಲಿನ ಮೇಲೆ ಕೂತು ಕತ್ತು ಹೊರಳಿಸಿ ಟಿವಿ ನೋಡಿದೆ. ನಡುವೆ, ಸರಿಯಾಗಿ, ನಾನು.

ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತೆ. ಬೇಜಾರಾಗಲಿಲ್ಲ, ನಿಜ ಹೇಳುತ್ತೇನೆ. ಅವತ್ತು ಆಸ್ಪತ್ರೆಯಲ್ಲಿ ಆ ಚುಕ್ಕೆ ಇಡುವ ಅಗತ್ಯವೇ ಇರಲಿಲ್ಲ ಅಂತ ಈಗ ಗೊತ್ತಾಯಿತು. ಮಗು ಬದಲಾಗಿಲ್ಲ, ಇವಳು ನನ್ನ ಮೊಮ್ಮಗಳೇ.